ಪುಟ ತಿರುಗಿಸದ ಪೇಪರು

ಮೇಷ್ಟ್ರು ಪೇಪರಿನ ಪುಟ ತಿರುಗಿಸಲೇ ಇಲ್ಲ. ಬೆಳಿಗ್ಗೆ ಎಂಟಕ್ಕೆ ಎದುರಿನ ಜಗಲಿಯ ಮೇಲೆ ಕೂತವರು ಹನ್ನೊಂದಾದರೂ ಮೊದಲ ಪುಟದಲ್ಲೇ ಇದ್ದರು. ಸೈಕಲ್ ಅಂಗಡಿಯವಳು ಪಂಕ್ಚರ್ ಹಾಕುತ್ತಲೇ ಓರೆಗಣ್ಣಿನಲ್ಲಿ ನೋಡಿದಳು. ಇದು ಮೂರನೆಯ ದಿನ.

ಇದು ಯಾರ ಕೆಲಸ ಎಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಗಂಡ ತೀರಿಕೊಂಡು ಅವಳೇ ಸ್ಪ್ಯಾನರ್ ಹಿಡಿದಂದಿನಿಂದ ಕಟ್ಟಡದ ಯಜಮಾನನಿಗೆ ಆ ಜಾಗದ ಮೇಲೆ ಕಣ್ಣು. ಹೆಂಗಸಿನ ಕೈಯಲ್ಲಿ ಸೈಕಲ್ ಅಂಗಡಿ ಎಷ್ಟು ದಿನ ನಡೆದೀತು ಎಂದು ಬೀದಿಗೆಲ್ಲ ಕೇಳುವಂತೆ ಅಂದಿದ್ದ. ಈಗ ಗಾಳಿ ತುಂಬುವ ಕಂಪ್ರೆಸರ್ ಬೇರೆ ಸುಟ್ಟುಹೋಗಿತ್ತು. ಕೈಪಂಪು ಹೊಡೆದೂ ಹೊಡೆದೂ ಅವಳ ರಟ್ಟೆ ಬಿದ್ದುಹೋಗಿತ್ತು. ಕಾಯುವ ತಾಳ್ಮೆಯಿಲ್ಲದ ಗಿರಾಕಿಗಳು ಹಿಂದಿನ ಬೀದಿಗೆ ಹೋಗತೊಡಗಿದ್ದರು. ಈ ತಿಂಗಳ ಬಾಡಿಗೆ ಒಂದು ದಿನ ತಡವಾದರೂ ಬೀಗ ಜಡಿಯುತ್ತೇನೆ ಎಂದು ಯಜಮಾನ ಹೇಳಿಕಳಿಸಿದ್ದ.

ಹೊಸ ಕಂಪ್ರೆಸರಿಗೆಂದು ಬ್ಯಾಂಕಿನಲ್ಲಿ ಸಾಲ ಕೇಳಿದ್ದಳು. ಜಾಮೀನಿಗೆ ಯಾರಿದ್ದಾರೆ ಅಂದರು. ಯಾರೂ ಇಲ್ಲ ಅಂದಳು. ಮುಂದಿನವರು ಬನ್ನಿ ಅಂದರು. ಹಿಟ್ಟಿನ ಗಿರಣಿಯ ಹಿಂದೆ ಒಂದೇ ಕೋಣೆಯಲ್ಲಿ ನಡೆಯುವ ಸಹಕಾರ ಸಂಘಕ್ಕೂ ಅರ್ಜಿ ಕೊಟ್ಟು ಬಂದಳು. ಅಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಕಾರ್ಯದರ್ಶಿ ಅರ್ಜಿಯನ್ನು ಡ್ರಾಯರಿಗೆ ಸೇರಿಸಿ, ಸರಿಯಮ್ಮ ಹೋಗಿ ಬಾ ಅಂದ. ಆನೆ ಹೊರಲಾರದ್ದನ್ನು ಆಡು ಹೊತ್ತೀತೇ ಎಂದುಕೊಂಡು ಅವಳು ಆ ಆಸೆಯನ್ನೂ ಬಿಟ್ಟಳು.

ಮಧ್ಯಾಹ್ನ ಕಟಿಂಗ್ ಶಾಪಿನವನು ಸೈಕಲ್ ತಳ್ಳಿಕೊಂಡು ಬಂದ. ಚೈನು ಹೋಗಿದೆ, ಹೊಸದು ಹಾಕು, ಎಷ್ಟಾದರೂ ಆಗಲಿ ಅಂದ. ಅವಳು ಪೆಡಲ್ ತಿರುಗಿಸಿ ನೋಡಿದಳು. ಚೈನು ಗಟ್ಟಿಮುಟ್ಟಾಗೇ ಇತ್ತು, ಒಣಗಿತ್ತು ಅಷ್ಟೆ.

“ಎರಡು ಹನಿ ಎಣ್ಣೆ ಸಾಕಣ್ಣ ಇದಕ್ಕೆ. ಬೇಡದ ಚೈನು ಮಾರಿ ಹೊಟ್ಟೆ ಹೊರ್ಕೊಳ್ಳೋ ಗತಿ ನಂಗಿನ್ನೂ ಬಂದಿಲ್ಲ. ನಿನ್ನ ಕಳಿಸಿದವರಿಗೆ ಹೋಗಿ ಹೇಳು.”

ಅವನು ಬೆಚ್ಚಿದ. ಆಮೇಲೆ ಮೀಸೆಯಲ್ಲೇ ನಕ್ಕ. “ಹೇಳ್ತೀನಿ ಬಿಡಕ್ಕ. ನೀ ಹೇಳ್ದಂಗೇ ಹೇಳ್ತೀನಿ.”

ಸಂಜೆ ಪಕ್ಕದ ಮನೆಯಾಕೆ ಇನ್ನೊಂದು ಸುದ್ದಿ ತಂದಳು. ಹಾಲು ಮಾರುವ ಮುದುಕಿ ಮನೆಮನೆಯಲ್ಲೂ ಇವಳ ವಿಷಯ ಕೆದಕುತ್ತಿದ್ದಳಂತೆ: ಕೊಟ್ಟ ಮಾತಿಗೆ ನಿಲ್ಲುತ್ತಾಳಾ, ಕೈಗಡ ತಂದರೆ ತಿರುಗಿಸುತ್ತಾಳಾ ಎಂದು.

ಸೈಕಲ್ ಅಂಗಡಿಯವಳು ಸ್ಪ್ಯಾನರ್ ಕೆಳಗಿಟ್ಟಳು. ಕೈಯ ಗ್ರೀಸೂ ಒರೆಸಿಕೊಳ್ಳದೆ ರಸ್ತೆ ದಾಟಿ, ಇನ್ನೂ ಜಗಲಿಯ ಮೇಲೇ ಕೂತಿದ್ದ ಮೇಷ್ಟ್ರ ಎದುರು ನಿಂತಳು.

“ಮೂರು ದಿನ ಆಯ್ತಲ್ಲ ಮೇಷ್ಟ್ರೇ, ಏನ್ ಕಂಡ್ರಿ?”

“ಎಂಟಕ್ಕೆ ಅಂದ್ರೆ ಎಂಟಕ್ಕೇ ಬಾಗಿಲು ತೆಗೀತೀಯ.”

“ನಾಳೇನೂ ತೆಗೀತೀನಿ, ನಾಡಿದ್ದೂ ತೆಗೀತೀನಿ. ಬೀಗ ಹಾಕೋಕೆ ಬಂದವರ ಕೈಗೆ ಪಂಪು ಕೊಟ್ಟು ಗಾಳಿ ಹೊಡೆಸ್ತೀನಿ. ನಾನು ಇಲ್ಲಿಂದ ಕದಲೋಳಲ್ಲ.”

ಮೇಷ್ಟ್ರು ಪೇಪರು ಮಡಚಿದರು. ಇಷ್ಟು ಸಾಕು ಎಂದಷ್ಟೇ ಹೇಳಿ ಎದ್ದುಹೋದರು.

ಮರುದಿನ ಅವಳು ಬಂದಾಗ ಮೇಷ್ಟ್ರು, ಕಟಿಂಗ್ ಶಾಪಿನವನು, ಹಾಲಿನ ಮುದುಕಿ ಮೂವರೂ ಅಂಗಡಿಯ ಮೆಟ್ಟಿಲ ಮೇಲಿದ್ದರು. ಮೇಷ್ಟ್ರ ಕೈಯಲ್ಲಿ ಒಂದು ಕಾಗದ. ಸಹಿ ಹಾಕು ಎಂದರು. ಅವಳು ಬಾಗಿಲಿಗೆ ಅಡ್ಡವಾಗಿ ನಿಂತಳು.

“ಅಂಗಡಿ ಬಿಡಿಸೋ ನೋಟೀಸಿಗೆ ನನ್ನ ಸಹಿ ಬೀಳಲ್ಲ. ನಿಮ್ಮ ಯಜಮಾನನ್ನೇ ಕರ್ಕೊಂಡು ಬನ್ನಿ. ಅವನ ಎದುರಿಗೇ ಹೇಳ್ತೀನಿ.”

ಹಾಲಿನ ಮುದುಕಿ ಸೊಂಟದ ಮೇಲೆ ಕೈಯಿಟ್ಟಳು.

“ನಮಗೆ ಯಾವ ಯಜಮಾನನೂ ಇಲ್ಲ ಕಣೇ. ಹಿಂದೆಮುಂದೆ ಯಾರೂ ಇಲ್ಲದವರು ಸಂಘಕ್ಕೆ ಅರ್ಜಿ ಹಾಕಿದ್ರೆ, ಸಂಘದ ಸದಸ್ಯರು ನಮ್ಮಲ್ಲೇ ಮೂರು ಜನ ಹೋಗಿ ಮೂರು ದಿನ ಕಣ್ಣಾರೆ ನೋಡ್ತೀವಿ. ನೋಡಿ ಆಯ್ತು. ನಿನ್ನ ಸಾಲಕ್ಕೆ ಜಾಮೀನು ನಾವೇ ಮೂವರು.”