ತುಂಬಿದ ಹೊಳೆಯ ಫೋಟೋ

ಪುರಂದರ ಮಂಟಪದೊಳಗೆ ಆಡೊಂದು ಮಲಗಿ ಮೆಲುಕು ಹಾಕುತ್ತಿತ್ತು. ಲಲಿತಾ ಒಮ್ಮೆ ಆಡನ್ನು ನೋಡಿದಳು, ಒಮ್ಮೆ ಕೈಯಲ್ಲಿದ್ದ ಫೋನನ್ನು.

ಫೋನಿನಲ್ಲಿದ್ದದ್ದೂ ಇದೇ ಮಂಟಪ. ಆದರೆ ಅಲ್ಲಿ ಕಂಬಗಳ ಕುತ್ತಿಗೆಯವರೆಗೆ ಕೆಂಪು ನೀರು. ನೀರಿನ ಮುಂದೆ ಹಾಸ್ಟೆಲ್ ಗೆಳತಿ ಸುಧಾರಾಣಿ, ಅವಳ ಹೆಗಲ ಮೇಲೆ ಗಂಡ ಮಹಾಂತೇಶನ ಕೈ. ಕೆಳಗೆ ಬರೆದಿತ್ತು: 'ಇವತ್ತು ಮುಂಜಾನೆ ಹಂಪಿಯಲ್ಲಿ, ನಾವಿಬ್ಬರೇ.' ಸ್ಟೇಟಸ್ ಹಾಕಿದ್ದು ಎಂಟು ಗಂಟೆಗೆ. ಈಗ ಹನ್ನೊಂದು.

ಮೂರು ತಾಸಿನಲ್ಲಿ ತುಂಗಭದ್ರೆ ಬತ್ತುವುದಿಲ್ಲ.

"ಫೋಟೋ ತಗೀಲೋ ಬ್ಯಾಡೋ?" ಎಂದ ಅವಳ ಗಂಡ ಗಾಳೆಪ್ಪ. "ಬಿಸಿಲಾಗ ತಲಿ ಕಾದು ಹೆಂಚಾಗೈತಿ."

ಇದು ಐದನೆಯ ಸೋಮವಾರ. ಮೊದಲ ವಾರ ವಿರೂಪಾಕ್ಷ ಗುಡಿ. ಆಮೇಲೆ ಹಜಾರರಾಮ, ಉಗ್ರನರಸಿಂಹ, ವಿಜಯವಿಠ್ಠಲ. ವಾರಕ್ಕೊಂದು ಗುಡಿ, ಗುಡಿಗೊಂದು ಫೋಟೋ. ಪ್ರತಿ ಸಲವೂ ಸುಧಾರಾಣಿ ಅದೇ ಹಸಿರು ಇಳಕಲ್ ಸೀರೆಯಲ್ಲಿ. ಹರಕೆ ಹೊತ್ತಿರಬೇಕು ಎಂದುಕೊಂಡಿದ್ದಳು ಲಲಿತಾ. ಸೀರೆಯ ಮೇಲೆ ಅವಳ ಕಣ್ಣು ನಿಂತದ್ದೇ ಕಡಿಮೆ. ಅವಳು ನೋಡುತ್ತಿದ್ದದ್ದು ಆ ಕೈಯನ್ನು.

ಮಹಾಂತೇಶ ಮೊದಲು ಹೆಣ್ಣು ನೋಡಲು ಬಂದದ್ದು ಲಲಿತಾಳ ತವರು ದರೋಜಿಗೆ, ಅವಳನ್ನೇ. ಅವನು ಒಪ್ಪಿದ್ದ. ಅವಳೂ ಒಪ್ಪಿದ್ದಳು. ಅಪ್ಪನಿಗೆ ಮಾತ್ರ ಗಣಿ ಕಂಪನಿಯ ಅಳಿಯನೇ ಬೇಕಿತ್ತು. ವರ್ಷದೊಳಗೆ ಅವಳು ಕಂಪನಿ ಬಸ್ಸಿನ ಡ್ರೈವರ್ ಗಾಳೆಪ್ಪನ ಹೆಂಡತಿಯಾಗಿ ಸಂಡೂರಿನ ಹತ್ತಿರದ ಯಶವಂತನಗರಕ್ಕೆ ಬಂದಳು. ಮಹಾಂತೇಶ ಸುಧಾರಾಣಿಯನ್ನು ಮದುವೆಯಾಗಿ ಕಂಪ್ಲಿಯಲ್ಲಿ ಮನೆ ಮಾಡಿದ.

ಸ್ಟೇಟಸ್ಸಿನ ಹಿಂದೆಯೇ ಸುಧಾರಾಣಿಯ ಮೆಸೇಜೂ ಬರುತ್ತಿತ್ತು. 'ಅಣ್ಣ ಡ್ಯೂಟಿಗೆ ಹೋದ್ನೇನು? ಮನ್ಯಾಗ ಒಬ್ಬಾಕೀನ ಅದೀಯೇನು?' ಬೇಕೆಂದೇ ಚುಚ್ಚುತ್ತಾಳೆ ಎಂದು ಲಲಿತಾ ಹಲ್ಲು ಕಡಿಯುತ್ತಿದ್ದಳು.

ತಡೆಯಲಾಗದೆ ಹೋದ ವಾರ ವಿರುಪಮ್ಮನಿಗೆ ಫೋನು ಮಾಡಿದ್ದಳು. ವಿರುಪಮ್ಮ ಹಾಸ್ಟೆಲಿನ ಅದೇ ರೂಮಿನ ಮೂರನೆಯವಳು. ಈಗ ಸಂಡೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಗಣಿ ಆಫೀಸಿಗೆ ಹೋಗುತ್ತಾಳೆ.

"ನೋಡಿದೇನ ಅಕಿ ಸ್ಟೇಟಸ್ಸು? ಸೋಮಾರ ಬಂತಂದ್ರ ಗಂಡನ ಕೂಡ ಗುಡಿ!"

"ನನಗ ಯಾವ ಸ್ಟೇಟಸ್ಸೂ ಕಂಡಿಲ್ಲಲೇ," ಎಂದಳು ವಿರುಪಮ್ಮ. "ಯಾರು, ಮಹಾಂತೇಶನಾ? ಈ ಸೋಮಾರ? ಹಂಪ್ಯಾಗ?" ಆಮೇಲೆ ನಕ್ಕಳು. ಬಹಳ ಹೊತ್ತು ನಕ್ಕಳು. "ಹೋಗ್ಲಿ ಬಿಡು, ಪುಣ್ಯ ಬರ್ಲಿ ಅಕಿಗೆ."

ಮದುವೆಯಾಗದವಳಿಗೆ ಈ ಉರಿ ಏನು ಗೊತ್ತು ಎಂದುಕೊಂಡು ಲಲಿತಾ ಫೋನು ಇಟ್ಟಿದ್ದಳು.

ಅವತ್ತೇ ಬ್ಯಾಗು ತುಂಬಿದಳು. "ಬರೋ ಸೋಮಾರ ಹಂಪಿಗೆ ಕರ್ಕೊಂಡು ಹೋಗ್ರಿ. ಇಲ್ಲಂದ್ರ ನಾ ದರೋಜಿಗೆ ಹೋಗಾಕಿ. ತಿರುಗಿ ಬರಂಗಿಲ್ಲ." ಬಾಗಿಲ ಹಿಂದೆ ಬ್ಯಾಗು ಕಂಡ ಗಾಳೆಪ್ಪ ರಜೆ ಹಾಕಿದ. ಇವತ್ತು ಬೆಳಿಗ್ಗೆ ಸ್ಟೇಟಸ್ ಬಂದದ್ದೇ, ಲಲಿತಾ ಮದುವೆಯ ಸೀರೆ ಉಟ್ಟು ಬೈಕು ಹತ್ತಿದಳು. ಅದೇ ಮಂಟಪ, ಅದೇ ಜಾಗ. ಅವರಿಬ್ಬರೂ ಎದುರಿಗೆ ಸಿಕ್ಕರೆ ಸಿಗಲಿ.

ಸಿಕ್ಕದ್ದು ಆಡು.

ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನು ಕೇಳಿದಳು. "ಅಕ್ಕ, ಇಲ್ಲಿ ನೀರು ಯಾವಾಗ ಬಂದಿತ್ತು?"

"ಡ್ಯಾಮಿನ ಗೇಟು ತಗದಾಗ, ಶ್ರಾವಣದಾಗ ಬಂದಿತ್ತವ್ವ. ಮಾರ್ಚಿನಾಗ ಎಲ್ಲಿ ನೀರು?"

ಶ್ರಾವಣದ ಒಂದೇ ದಿನ. ಒಂದೇ ಸೀರೆ. ಐದು ಫೋಟೋ. ಲಲಿತಾಳಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

"ಕಂಪ್ಲಿಗೆ ನಡ್ರಿ."

"ಮತ್ತ ಫೋಟೋ?"

"ಬೆಂಕಿ ಹಚ್ರಿ ಫೋಟೋಕ್ಕ."

ಸುಧಾರಾಣಿಯ ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ ಇತ್ತು, ಹೆಂಗಸಿನದು. ಅವಳು ಮಾಸಿದ ನೈಟಿಯಲ್ಲೇ ಬಂದು ಬಾಗಿಲು ತೆಗೆದಳು. ಗಾಳೆಪ್ಪ ಬೈಕಿನ ಹತ್ತಿರವೇ ನಿಂತ.

"ಹಂಪಿಯಿಂದ ಭಾಳ ಜಲ್ದಿ ಬಂದೆಲ್ಲವ್ವ!" ಲಲಿತಾ ಫೋನನ್ನು ಅವಳ ಮುಖಕ್ಕೆ ಹಿಡಿದಳು. "ಮಂಟಪದಾಗ ಆಡು ಮಲಗೈತಿ. ನಿನ್ನ ಹೊಳಿ ಎಲ್ಲಿ ಹರಿದು ಹೋತು?"

ಸುಧಾರಾಣಿ ತಲೆ ತಗ್ಗಿಸಲಿಲ್ಲ. ಜ್ವರ ಬಂದವರನ್ನು ನೋಡುವಂತೆ ಲಲಿತಾಳ ಮುಖವನ್ನೇ ನೋಡಿದಳು.

"ನಿನಗ ಹೊಟ್ಟಿ ಉರೀತೇನು?"

"ಉರೀಲಾರದ ಏನು? ಐದು ವಾರ ಆತು, ಕಣ್ಣಿಗೆ ನಿದ್ದಿಲ್ಲ!"

"ಖರೇನ ಹೇಳು. ವಿರೂಪಾಕ್ಷನ ಆಣಿ?"

"ವಿರೂಪಾಕ್ಷನ ಆಣಿ. ಏನೀಗ?"

ಸುಧಾರಾಣಿ ಹೊಸ್ತಿಲ ಮೇಲೆ ಕುಸಿದು ಕುಳಿತಳು.

"ಅವ ಮನಿ ಬಿಟ್ಟು ಆರು ತಿಂಗಳಾತು, ಲಲ್ಲಿ. ಸಂಡೂರು ಬಸ್ ಹತ್ತಿದ್ದು ಕಂಡೋರು ಅದಾರ. ಯಾಕಿ ಕೂಡ ಅದಾನ ಅನ್ನೋದು ಗೊತ್ತಿಲ್ಲ."

ತನ್ನ ಫೋನು ತೆಗೆದು ಲಲಿತಾಳ ಕೈಗಿಟ್ಟಳು. ತುಂಬಿದ ಹೊಳೆಯ ಫೋಟೋ. ಕೆಳಗೆ ನೋಡಿದವರ ಲೆಕ್ಕ: ಒಂದು. ಹೆಸರು: ಲಲಿತಾ.

"ನಿನಗೊಬ್ಬಾಕಿಗೇ ಕಾಣಂಗ ಹಾಕಿದ್ದೆ. ಐದೂ ವಾರ."

ಬೈಕಿನ ಹತ್ತಿರ ಗಾಳೆಪ್ಪ ನೆಟ್ಟಗೆ ನಿಂತ. ಲಲಿತಾ ಫೋನನ್ನು ಹಿಂದಕ್ಕೆ ಕೊಟ್ಟಳು. "ಅಂದ್ರ... ನಾನು ಅಂತ ತಿಳ್ಕೊಂಡಿದ್ದೇನು?"

"ಮೊದ್ಲು ಒಪ್ಪಿದ್ದು ನಿನ್ನ ಅಲ್ಲೇನು? ಅದಕ್ಕ. ಇವತ್ತು ತಿಳೀತು, ನೀ ಅಲ್ಲ." ಸುಧಾರಾಣಿ ಕಣ್ಣು ಒರೆಸಿಕೊಂಡಳು. "ಅವನ್ನ ಮನ್ಯಾಗ ಇಟ್ಕೊಂಡಾಕಿಗೆ ನಾವು ಸೋಮಾರ ಹಂಪ್ಯಾಗ ಇದ್ವಿ ಅಂದ್ರ, ಉರ್ಕೊಂಡು ಇಲ್ಲಿತನ ಬರ್ತಿದ್ಲೇನು? ಕುಂತಲ್ಲೇ ಬಿದ್ದು ಬಿದ್ದು ನಗ್ತಿದ್ಲು."

ಲಲಿತಾಳ ಕಿವಿಯಲ್ಲಿ ವಿರುಪಮ್ಮನ ನಗು ಮತ್ತೊಮ್ಮೆ ಶುರುವಾಯಿತು.