ಇನ್ನೊಂದು ಸುತ್ತು

"ಇನ್ನೊಂದು ಸುತ್ತು ಬಿಗಿ ಮಾಡೇ," ಎಂದರು ಪಂಕಜಾ. ಹಿಲ್ಸ್‌ಬರೋ ಮನೆಯ ಗರಾಜಿನಲ್ಲಿ ಮಗಳು ಸಂಹಿತಾ, ಹಿಮದ ಮೇಲೆ ಜಾರುವ ಸ್ಕೀಬೋರ್ಡಿಗೆ ತಂದ ಹೊಸ ಬೈಂಡಿಂಗನ್ನು, ಅಂದರೆ ಬೂಟನ್ನು ಬೋರ್ಡಿಗೆ ಹಿಡಿದಿಡುವ ಕೊಂಡಿಯನ್ನು, ತನ್ನ ಬೂಟಿನ ಅಳತೆಗೆ ಹೊಂದಿಸುತ್ತಿದ್ದಳು. ಹೋದ ಚಳಿಗಾಲ ಬಿದ್ದು ಮಂಡಿ ತಿರುಚಿಕೊಂಡಿದ್ದವಳು ನಾಳೆ ಗೆಳತಿಯರ ಜೊತೆ ಹೋಗಬೇಕಾದರೆ ಅಮ್ಮ ಒಪ್ಪಬೇಕಿತ್ತು.

"ಅಮ್ಮಾ, ಹಳೇ ಬೈಂಡಿಂಗು ಬಿಗಿಯಾಗಿ ಹಿಡ್ಕೊಂಡಿದ್ದಕ್ಕೇ ಮಂಡಿ ಹೋಗಿದ್ದು. ಇದು ಬಿದ್ದಾಗ ಬೂಟನ್ನ ಬಿಟ್ಬಿಡತ್ತೆ." ಸಂಹಿತಾ ಬೂಟನ್ನು ಬೈಂಡಿಂಗಿಗೆ ಸಿಕ್ಕಿಸಿ ತೋರಿಸಿದಳು.

"ಬಿಡತ್ತಂತೆ! ಸರಿ ಆಚೆ." ಪಂಕಜಾ ಸ್ವೆಟರಿನ ತೋಳು ಮಡಚಿ ನೆಲದ ಮೇಲೆ ಕೂತರು. ಬೋರ್ಡನ್ನು ಮಂಡಿಯಿಂದ ಅದುಮಿ, ಸಿಕ್ಕಿಸಿಟ್ಟಿದ್ದ ಖಾಲಿ ಬೂಟನ್ನು ಎರಡೂ ಕೈಯಿಂದ ತಿರುಚಿದರು. ಟಕ್ಕೆಂದು ಅದು ಕಳಚಿ ಕೈಗೆ ಬಂತು. ಮತ್ತೆ ಸಿಕ್ಕಿಸಿ ತಿರುಚಿದರು. ಮತ್ತೆ ಬಿಟ್ಟಿತು.

ಬೂಟನ್ನು ಮಗಳ ಕೈಗೆ ಕೊಟ್ಟರು.

"ನಾಳೆ ಎಷ್ಟು ಜನ ಹೋಗ್ತಿದೀರಾ? ಪುಳಿಯೋಗರೆ ಕಲಸಿಕೊಡ್ತೀನಿ."