ಧಾಬಳಿಯ ಮೇಲಿನ ಲ್ಯಾಪ್‌ಟಾಪು

ಫೋನಿಗೆ ಕಡತ ಕಳಿಸುತ್ತ ಶೇಕಡಾ ಮೂವತ್ತೆಂಟರವರೆಗೆ ಸಾಗಿದ್ದ ಲ್ಯಾಪ್‌ಟಾಪು, ಯಾರೋ ದೀಪ ಊದಿದಂತೆ ಒಮ್ಮೆಲೇ ಕಪ್ಪಾಯಿತು. ದೇವರ ಕೋಣೆಯಲ್ಲಿ ಅದರ ಮುಂದೆ ಕುಳಿತಿದ್ದ ಸಕ್ಕೂಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ಮತ್ತ ಹೋಯ್ತೇನು?” ಪಡಸಾಲೆಯಿಂದ ಗಂಡ ಗುರುರಾಜರು ಕೇಳಿದರು.

“ಹೋಯ್ತು.”

“ನಿನ್ನಿ ನನ್ನ ಫೋನಿಗೆ ಕಳಿಸಿ ನೋಡಿದಾಗ ನಲವತ್ತೊಂದರ ತನಕಾ ಹೋಗಿತ್ತಲ್ಲ? ದಿನಾ ಹಿಂದ ಬರ್ಲಿಕತ್ತದ ನಿನ್ನ ಗಾಡಿ.”

ಪಡಸಾಲೆಯ ಚಾಪೆಯ ಮೇಲೆ ಕುಳಿತಿದ್ದ ಮರಿಯಮ್ ಸುಮ್ಮನೆ ನಕ್ಕಳು. ಹುಟ್ಟಿನಿಂದ ಕಣ್ಣು ಕಾಣದ ಆ ಹುಡುಗಿಗೆ ನಾಡಿದ್ದು ಕಲಬುರಗಿಯಲ್ಲಿ ಬಿ.ಎ. ಇತಿಹಾಸದ ಪರೀಕ್ಷೆ. ನಿವೃತ್ತ ಶಿಕ್ಷಕಿ ಸಕ್ಕೂಬಾಯಿ ಎರಡು ತಿಂಗಳು ಕುಳಿತು ಇಡೀ ಪುಸ್ತಕವನ್ನು ಅವಳಿಗಾಗಿ ಗಟ್ಟಿಯಾಗಿ ಓದಿ, ಲ್ಯಾಪ್‌ಟಾಪಿನಲ್ಲಿ ಧ್ವನಿ ಹಿಡಿದಿಟ್ಟಿದ್ದರು. ಪೆನ್‌ಡ್ರೈವ್ ಹಾಕುವ ಕಿಂಡಿ ಕೆಟ್ಟು ವರ್ಷವಾಗಿತ್ತು. ವೈಫೈ ಹಿಡಿದೇ ಫೋನಿಗೆ ಕಳಿಸಬೇಕು. ಇಪ್ಪತ್ಮೂರು ಅಧ್ಯಾಯಗಳದ್ದೂ ಒಂದೇ ಗಂಟು, ನಡುವೆ ನಿಂತರೆ ಮತ್ತೆ ಮೊದಲಿನಿಂದ. ಅದಕ್ಕೆಂದೇ ಮರಿಯಮ್ ಬಸ್ಸು ಹಿಡಿದು ಕಮಲಾಪುರಕ್ಕೆ ಬಂದಿದ್ದಳು. ಕಂಡಕ್ಟರ್ ಬಸ್ಸನ್ನು ನಿಲ್ಲಿಸಿ, ಗೇಟಿನವರೆಗೂ ಅವಳ ಕೈಹಿಡಿದು ತಂದುಬಿಟ್ಟು ಹೋಗಿದ್ದ. ಐದರ ಬಸ್ಸಿಗೆ ತಿರುಗಿ ಹೋಗಬೇಕು. ಆಗಲೇ ಎರಡೂವರೆ.

ಬಿಸಿಲಿಗೆ ಊರೇ ಕಣ್ಣು ಮುಚ್ಚಿತ್ತು. ಕಪ್ಪು ಪರದೆಯಲ್ಲಿ ನಂದಾದೀಪದ ಪ್ರತಿಬಿಂಬ ಮಾತ್ರ ಮಿಣಮಿಣ ಆಡುತ್ತಿತ್ತು. ತಮ್ಮ ದನಿ ಕೋಣೆಯಿಂದ ಹೊರಟು, ಗಾಳಿಯಲ್ಲಿ ತೇಲುತ್ತ, ಪಡಸಾಲೆಯ ನಡುವೆ ಎಲ್ಲೋ ದಾರಿತಪ್ಪಿ ನಿಂತಿರಬೇಕು ಎಂದು ಸಕ್ಕೂಬಾಯಿಗೆ ಅನ್ನಿಸಿತು. ಇನ್ನೇನು ಕೈ ಚಾಚಿದರೆ ಸಿಕ್ಕೀತು ಅನ್ನುವಷ್ಟು ಹತ್ತಿರ.

“ಕಲಬುರಗಿ ಸ್ಟೇಶನ್ ಬಜಾರದಾಗ ರಿಪೇರಿ ಮಾಡೋ ಅಮರನಾಥ ಎರಡು ದಿನ ಅಂಗಡ್ಯಾಗ ಇಟ್ಕೊಂಡಿದ್ದ,” ಎಂದರು. “ವೈಫೈದು ಏನೋ ಡ್ರೈವರ್ ಹೊಸಾದು ಹಾಕಿದ. ಅಲ್ಲೆ ಒಮ್ಮಿನೂ ಆರ್ಲಿಲ್ಲಂತ. ಮನಿಗೆ ಬಂದ್ರ ಹಿಂಗ.”

“ಟೀಚರ್, ನಾ ಒಮ್ಮಿ ಕೈಯಿಟ್ಟು ನೋಡ್ಲೇನ್ರಿ?” ಮರಿಯಮ್ ಎದ್ದು ಬಂದವಳು ಹೊಸ್ತಿಲ ಹೊರಗೇ ನಿಂತಳು. ಕರ್ಪೂರದ ವಾಸನೆ ಅವಳಿಗೆ ಅದು ಯಾವ ಕೋಣೆ ಎಂದು ಹೇಳಿತ್ತು. “ದೇವ್ರ ಖೋಲಿ ಅಲ್ರೀ ಇದು? ಕೈಕಾಲು ತೊಳ್ಕೊಂಡು ಬರ್ತೇನಿ ತಡೀರಿ.”

ಸಕ್ಕೂಬಾಯಿ ಪಡಸಾಲೆಯತ್ತ ನೋಡಿದರು. ಗುರುರಾಜರ ಪೇಪರು ಅಲುಗಲಿಲ್ಲ.

“ಕೆಟ್ಟದ್ದು ಯಂತ್ರ, ನಿನ್ನ ಕೈ ಅಲ್ಲ. ಒಳಗ ಬಾ ತಾಯಿ,” ಎಂದರು ಸಕ್ಕೂಬಾಯಿ.

ಮರಿಯಮ್ ಮಂಡಿಯೂರಿ ಕುಳಿತು, ಮಗುವಿನ ಜ್ವರ ನೋಡುವಂತೆ ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟಳು. “ಯಾ ಅಲ್ಲಾ! ಒಲಿಯಂಗ ಕಾದದಲ್ರೀ!” ಬೆರಳುಗಳು ಅಂಚು ಹಿಡಿದು ಕೆಳಗಿಳಿದವು, ಉಣ್ಣೆಗೆ ತಾಗಿದ್ದೇ ಸರಕ್ಕನೆ ಹಿಂದೆ ಬಂದವು. “ಇದು... ಮಡೀದೇನ್ರಿ?”

ಹೌದು, ಅದು ಗುರುರಾಜರು ಪೂಜೆಗೆ ಉಡುವ ಧಾಬಳಿ. ಧ್ವನಿ ಹಿಡಿಯಲು, ಹೆದ್ದಾರಿಯ ಲಾರಿಗಳ ಸದ್ದು ಮುಟ್ಟದ ಕೋಣೆ ಮನೆಯಲ್ಲಿ ಇದೊಂದೇ. ಹೊರಗಿನ ಸಾಮಾನು ದೇವರ ಮುಂದೆ ಬರುವುದಾದರೆ ಮೈಲಿಗೆ ತಟ್ಟದ ಉಣ್ಣೆಯ ಮೇಲೆಯೇ ಬರಲಿ ಎಂದು ಅವರು ಹೇಳಿದ್ದಕ್ಕೆ, ಸಕ್ಕೂಬಾಯಿ ಅದನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿದ್ದರು.

“ನಾ ಮುಟ್ಟಿಬಿಟ್ಟೆ ಅಲ್ರೀ,” ಎಂದಳು ಮರಿಯಮ್ ಮೆಲ್ಲಗೆ.

“ಮುಟ್ಟಿದ್ದು ಆತು,” ಗುರುರಾಜರು ಪಡಸಾಲೆಯಿಂದಲೇ ಅಂದರು. “ಮುಂದೇನು, ಅದನ್ನ ಹೇಳವಾ.”

“ಇದ್ರ ಹೊಟ್ಟಿ ಕೆಳಗ ಗಾಳಿ ಆಡ್ಲಿಕ್ಕೆ ಕಿಂಡಿ ಇರ್ತಾವ್ರೀ. ಧಾಬಳಿ ಎಲ್ಲಾ ಮುಚ್ಚಿಬಿಟ್ಟದ. ನೀವು ಓದೂವಾಗ ಹೆಂಗೋ ತಡ್ಕೊಂಡದ. ಇಷ್ಟು ದೊಡ್ಡ ಗಂಟು ಹೊತ್ತು ಓಡು ಅಂದ್ರ, ಬಿಸಿಗಿ ತಲಿ ತಿರುಗಿ ಬೀಳಾಕತ್ತದ.”

“ಮತ್ತ ಅಮರನಾಥನ ಅಂಗಡ್ಯಾಗ?”

“ಅವ್ರು ಧಾಬಳಿ ಹಾಸಿರ್ಲಿಕ್ಕಿಲ್ಲ ಬಿಡ್ರಿ, ಟೀಚರ್.”

ಪೇಪರಿನ ಹಿಂದಿನಿಂದ ಗುರುರಾಜರ ನಗೆ ಕೇಳಿಸಿತು. ಆಮೇಲೆ ಅವರೇ ಎದ್ದು ಬಂದರು. ಗ್ರಂಥ ಇಟ್ಟು ಓದುವ ಮರದ ವ್ಯಾಸಪೀಠವನ್ನು ಮೂಲೆಯಿಂದ ತೆಗೆದು, ಬಿಡಿಸಿ ಹುಡುಗಿಯ ಮುಂದಿಟ್ಟರು. ಮರಿಯಮ್ ಅದರ ಅಡ್ಡಗಾಲುಗಳನ್ನು ಸವರಿ ನೋಡಿದಳು.

“ಇದು ನಮ್ಮನಿಯಾಗೂ ಅದ ರೀ, ಕುರಾನ್ ಇಟ್ಟು ಓದ್ಲಿಕ್ಕೆ. ನಾವು ರೆಹಲ್ ಅಂತೇವಿ.”

“ಹಂಗಂದ್ರ ಹೆಂಗ ಇಡಬೇಕು ಅಂತ ನಿನಗ ಗೊತ್ತದ. ಇಡು.”

ಎರಡು ರೆಕ್ಕೆಗಳ ತುದಿಯ ಮೇಲೆ ಲ್ಯಾಪ್‌ಟಾಪು ಅಡ್ಡವಾಗಿ ಕುಳಿತಿತು. ತಣ್ಣಗಾಗಲೆಂದು ಬೀಸಣಿಗೆ ಬೀಸಿ ಕಾದರು. ಮತ್ತೆ ಹಚ್ಚಿದಾಗ ಮೂರು ದಾಟಿತ್ತು. ಮರಿಯಮ್ ಅದರಡಿಗೆ ಅಂಗೈ ಒಡ್ಡಿ ಬಿಸಿಯುಸಿರನ್ನು ಕೇಳುತ್ತ ಕುಳಿತಳು. ಸಕ್ಕೂಬಾಯಿ ಅವಳಿಗಾಗಿ ಅಂಕಿಗಳನ್ನು ಗಟ್ಟಿಯಾಗಿ ಓದತೊಡಗಿದರು. ಮೂವತ್ತೇಳು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತೆರಡಕ್ಕೆ ಗುರುರಾಜರು “ದಾಟಿತು” ಎಂದು ತಾವೇ ಓಡಿಬಂದವರಂತೆ ಗೋಡೆಗೆ ಒರಗಿದರು.

ನಾಲ್ಕೂಕಾಲಿಗೆ ನೂರಾಯಿತು. ಎಲ್ಲ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಲು ಮರಿಯಮ್ ಫೋನಿನಲ್ಲಿ ಮೊದಲ ಅಧ್ಯಾಯದ ಕೊನೆಯನ್ನು ಹಚ್ಚಿದಳು. ಕೋಟೆ, ಅರಸು, ಇಸವಿ. ಸಕ್ಕೂಬಾಯಿಯದೇ ದನಿ, ಆದರೆ ದೂರದ ಯಾವುದೋ ಮಧ್ಯಾಹ್ನದಿಂದ ಬಂದಂತೆ. ಪಾಠ ಮುಗಿಯಿತು. ದನಿ ಮಾತ್ರ ನಿಲ್ಲಲಿಲ್ಲ.

“ಭಾಳ ಹೊತ್ತು ಕೂತಿ ತಾಯಿ. ಒಂದೀಟು ನೀರು ಕುಡಿ, ಆಮ್ಯಾಲೆ ಎರಡನೇದು.”

ಹಾಗೆ ಅಂದದ್ದು ಸಕ್ಕೂಬಾಯಿಗೆ ನೆನಪೇ ಇರಲಿಲ್ಲ. ಮರಿಯಮ್ ನಗುತ್ತ, ಹೇಳಿದ ಮಾತು ಕೇಳುವ ಹುಡುಗಿಯಂತೆ, ನೀರಿಗಾಗಿ ಗಾಳಿಯಲ್ಲಿ ಕೈಚಾಚಿದಳು. ಸಕ್ಕೂಬಾಯಿ ಅಡುಗೆಮನೆಗೆಂದು ಏಳುವಷ್ಟರಲ್ಲಿ ಗುರುರಾಜರು ಬಗ್ಗಿ, ದೇವರ ಪಕ್ಕದ ಮಡಿನೀರಿನ ತಂಬಿಗೆಯನ್ನು ಆ ಕೈಗೆ ಹಿಡಿಸಿದರು. ಅದು ಅಲುಗದಂತೆ ತಳಕ್ಕೆ ತಮ್ಮ ಅಂಗೈಯನ್ನೂ ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಹಾಗೆಯೇ ಬಾಗಿ ನಿಂತರು.